ಸಿಪ್ಪೆ ಸಾಲದ ಆಲೆಮನೆ: ಮಂಡ್ಯದ ಬೆಲ್ಲದ ಒಲೆಯೊಂದರ ಲೆಕ್ಕ

ಒಂದು ಟನ್ ಕಬ್ಬು ಹಿಂಡಿ ಬಂದ ಹಾಲನ್ನು ಬೆಲ್ಲ ಮಾಡಲು ನಿಜಕ್ಕೂ ಬೇಕಾದದ್ದು ಸುಮಾರು 83 ಕೆಜಿ ಒಣ ಸಿಪ್ಪೆಯಲ್ಲಿರುವಷ್ಟು ಶಾಖ. ಅದೇ ಒಂದು ಟನ್ ಕಬ್ಬು ಗಾಣ ದಾಟಿ ಬಿಸಿಲಲ್ಲಿ ಒಣಗಿದ ಮೇಲೆ ಅಂಗಳದಲ್ಲಿ ಸಿಗುವ ಸಿಪ್ಪೆ 200 ಕೆಜಿಯ ಆಸುಪಾಸು. ಬೇಕಾದದ್ದರ ಎರಡೂವರೆ ಪಾಲು ಇಂಧನ ಕಬ್ಬಿನ ಜೊತೆಗೇ ಬಂದಿರುತ್ತದೆ. ಹೀಗಿದ್ದೂ ಮಂಡ್ಯ ಸೀಮೆಯ ಎಷ್ಟೋ ಆಲೆಮನೆಗಳಲ್ಲಿ ಸಿಪ್ಪೆ ಸಾಲುವುದಿಲ್ಲ. ಸಾಲದ ದಿನ ಒಲೆಯ ಬಾಯಿಗೆ ಹಳೆ ಟೈರು ಬೀಳುತ್ತದೆ, ಪ್ಲಾಸ್ಟಿಕ್ ಬೀಳುತ್ತದೆ, ಊರಿನ ಮೇಲೆ ಕರಿ ಹೊಗೆ ಕವಿಯುತ್ತದೆ.

ಪರಿಸರಸ್ನೇಹಿ ಪದ್ಧತಿ ಅಂದರೆ ಕೈಯಿಂದ ದುಡ್ಡು ಹಾಕಿ ಮಾಡುವ ಪುಣ್ಯದ ಕೆಲಸ ಎಂದು ಸಣ್ಣ ಉದ್ದಿಮೆದಾರರಲ್ಲಿ ಬಹಳ ಜನ ತಿಳಿದಿದ್ದಾರೆ. ಆಲೆಮನೆಯ ಮಟ್ಟಿಗೆ ಈ ತಿಳಿವಳಿಕೆ ಪೂರ್ತಿ ತಪ್ಪು. ಇಲ್ಲಿ ಹೊಗೆಯೂ ನಷ್ಟವೂ ಒಂದೇ ತೂತಿನಿಂದ ಹೊರಗೆ ಹೋಗುತ್ತಿವೆ.

ಇಲ್ಲಿ ಎತ್ತಿಕೊಂಡಿರುವುದು ಯಾರೋ ಒಬ್ಬರ ಆಲೆಮನೆಯಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳನ್ನು ಒಟ್ಟುಮಾಡಿ ಕಟ್ಟಿದ ಮಾದರಿ ಘಟಕ. ಮೂರು ಉರುಳೆಯ ಗಾಣ, ಒಂದೇ ದೊಡ್ಡ ಕೊಪ್ಪರಿಗೆ, ನೆಲದಲ್ಲಿ ಗುಂಡಿ ತೋಡಿದ ಒಲೆ, ಗಿಡ್ಡ ಚಿಮಣಿ. ದಿನಕ್ಕೆ 10 ಟನ್ ಕಬ್ಬು, ಸುಮಾರು 1,000 ಲೀಟರಿನ ಐದಾರು ಕೊಪ್ಪರಿಗೆ ಹಾಲು, ವರ್ಷಕ್ಕೆ 150 ದಿನ ಕೆಲಸ. ಮುಂದೆ ಬರುವ ಅಂಕಿಗಳೆಲ್ಲ ಈ ಅಳತೆಗೆ ಹಾಕಿದ ಲೆಕ್ಕ. ನಿಮ್ಮ ಗಾಣ, ನಿಮ್ಮ ಕಬ್ಬು ಬೇರೆಯಾದರೆ ನಿಮ್ಮ ತೂಕ ಹಾಕಿ ಇದೇ ದಾರಿಯಲ್ಲಿ ಲೆಕ್ಕ ಮಾಡಬಹುದು.

ಲೆಕ್ಕ ಎಲ್ಲಿ ತಪ್ಪುತ್ತದೆ

ಗಾಣ ನೂರಕ್ಕೆ 60ರಷ್ಟು ಹಿಂಡಿದರೆ ಒಂದು ಟನ್ ಕಬ್ಬಿಗೆ 600 ಕೆಜಿ ಹಾಲು. ಬ್ರಿಕ್ಸ್, ಅಂದರೆ ಹಾಲಿನಲ್ಲಿ ನೂರಕ್ಕೆ ಇಷ್ಟು ಪಾಲು ಕರಗಿದ ಸಿಹಿ ಎಂಬ ಅಳತೆ, 18 ಇದ್ದರೆ ಅದರಿಂದ ಇಳಿಯುವ ಬೆಲ್ಲ ಸುಮಾರು 105 ಕೆಜಿ. ಕಾಯಿಸುವಾಗ ಮೇಲೆ ಬರುವ ಕೊಳೆ, ಅಂದರೆ ಮಡ್ಡಿ, 15 ಕೆಜಿ ಕಳೆದರೆ ಆವಿಯಾಗಿ ಹೋಗಬೇಕಾದ ನೀರು 480 ಕೆಜಿ. ಹಾಲನ್ನು ಕುದಿಗೆ ತರಲು 170, ನೀರನ್ನು ಆವಿ ಮಾಡಲು 1,085, ಒಟ್ಟು ಸುಮಾರು 1,250 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ, ಅಂದರೆ ನೂರಕ್ಕೆ 10ರಷ್ಟು ಮಾತ್ರ ತೇವ ಉಳಿದ ಸಿಪ್ಪೆ ಕೆಜಿಗೆ 15 ಮೆಗಾಜೂಲ್ ಕೊಡುತ್ತದೆ. 200 ಕೆಜಿಗೆ 3,000.

ಹಾಗಾದರೆ ಹೊರಗಿನಿಂದ ಏನನ್ನೂ ತರದೆ ನಡೆಯಬೇಕಾದರೆ ಒಲೆಯ ಶಾಖದಲ್ಲಿ ನೂರಕ್ಕೆ 42 ಪಾಲು ಕೊಪ್ಪರಿಗೆಗೆ ಸೇರಬೇಕು. ಇದನ್ನೇ ತಕ್ಕಡಿಯ ಭಾಷೆಯಲ್ಲಿ ಹೇಳಿದರೆ, ಒಂದು ಕೆಜಿ ಬೆಲ್ಲಕ್ಕೆ 1.9 ಕೆಜಿ ಒಣ ಸಿಪ್ಪೆ. ಈ ಅಂಕಿಯನ್ನು ಆಲೆಮನೆಯ ಗೋಡೆ ಮೇಲೆ ಬರೆದಿಡಬೇಕು. ಇದಕ್ಕಿಂತ ಕಡಿಮೆ ಖರ್ಚಾದರೆ ಸಿಪ್ಪೆ ಮಿಗುತ್ತದೆ, ಹೆಚ್ಚಾದರೆ ಕೊಳ್ಳಬೇಕು.

ಗುಂಡಿ ಒಲೆ ನೂರಕ್ಕೆ 30 ಕೊಟ್ಟರೆ ಅದೇ ಹೆಚ್ಚು. ಆಗ ಕೆಜಿ ಬೆಲ್ಲಕ್ಕೆ 2.65 ಕೆಜಿ ಸಿಪ್ಪೆ ಬೇಕು. ಟನ್ ಕಬ್ಬಿಗೆ 78 ಕೆಜಿ ಕೊರತೆ, ದಿನಕ್ಕೆ 780 ಕೆಜಿ, 150 ದಿನದ ಹಂಗಾಮಿಗೆ 117 ಟನ್. ಈ 117 ಟನ್ನಿಗೆ ನಿಮ್ಮ ಊರಿನ ಸೌದೆಯ ದರ ಹಾಕಿ ಗುಣಿಸಿ ನೋಡಿ. ಒಲೆ ರಿಪೇರಿಗೆ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಬೇರೆ ಸಲಹೆಗಾರರು ಬೇಕಿಲ್ಲ.

ಕೆಲವರು ಸಿಪ್ಪೆ ಹೆಚ್ಚು ಸಿಗಲಿ ಎಂದು ಗಾಣವನ್ನೇ ಸಡಿಲ ಬಿಡುತ್ತಾರೆ. ಇದು ಬೆಲ್ಲವನ್ನೇ ಒಲೆಗೆ ಸುರಿದಂತೆ. ಹಿಂಡುವುದು 65ಕ್ಕೆ ಏರಿದರೆ ಟನ್ನಿಗೆ ಹೆಚ್ಚುಕಡಿಮೆ 9 ಕೆಜಿ ಬೆಲ್ಲ ಹೆಚ್ಚು ಸಿಗುತ್ತದೆ. ಆದರೆ ಹಾಲು ಹೆಚ್ಚಿ ಸಿಪ್ಪೆ ತಗ್ಗುವುದರಿಂದ ಒಲೆ 48 ಪಾಲು ಕೊಡಬೇಕಾಗುತ್ತದೆ. ಒಂದೇ ಕೊಪ್ಪರಿಗೆಯ ಒಲೆಗೆ ಅದು ಬಲು ಕಷ್ಟ. ಹೀಗಾಗಿ ಗಾಣ ಬಿಗಿ ಮಾಡುವುದೂ ಎರಡನೇ ಕೊಪ್ಪರಿಗೆ ಕೂರಿಸುವುದೂ ಜೊತೆಜೊತೆಗೆ ಆಗಬೇಕಾದ ಕೆಲಸ.

ಟೈರು ಏಕೆ ಬಂತು, ಏನು ಮಾಡುತ್ತದೆ

ಟೈರಿನಲ್ಲಿ ಕೆಜಿಗೆ 32 ಮೆಗಾಜೂಲ್‌ಗೂ ಹೆಚ್ಚು ಶಾಖವಿದೆ, ಒಣ ಸಿಪ್ಪೆಯ ಎರಡರಷ್ಟು. ಒಣಗಿಸುವ ಕೆಲಸವಿಲ್ಲ, ಮಳೆಗೆ ಕೆಡುವುದಿಲ್ಲ, ಅಗ್ಗಕ್ಕೆ ಸಿಗುತ್ತದೆ. ಹಿಂಗಾರು ಮಳೆ ಹಿಡಿದು ಅಂಗಳದ ಸಿಪ್ಪೆ ತೊಯ್ದಾಗ, ಗಾಣದ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿದಾಗ, ಒಲೆ ಮುಂದೆ ನಿಂತವರ ಕೈ ಅತ್ತ ಹೋಗುವುದು ಅರ್ಥವಾಗುವಂಥದ್ದೇ.

ಮೇಲಿನ ಕೊರತೆಯನ್ನು ಟೈರಿನಿಂದಲೇ ತುಂಬಿದರೆ ದಿನಕ್ಕೆ ಸುಮಾರು 365 ಕೆಜಿ ಬೇಕು. ಟೈರಿನಲ್ಲಿ ಗಂಧಕ ನೂರಕ್ಕೆ ಒಂದರಿಂದ ಎರಡು ಪಾಲು ಇರುತ್ತದೆ. ಒಂದೂವರೆ ಎಂದು ಹಿಡಿದರೆ ದಿನಕ್ಕೆ 11 ಕೆಜಿ ಗಂಧಕದ ಡೈಆಕ್ಸೈಡ್ ಚಿಮಣಿಯಿಂದ ಹೊರಗೆ. ಅದರ ಜೊತೆಗೆ ಬೆಂಜೀನ್, ಕ್ಯಾನ್ಸರ್ ತರಬಲ್ಲ ಬಹುವಲಯ ಹೈಡ್ರೋಕಾರ್ಬನ್‌ಗಳು, ಸತುವಿನ ಸಣ್ಣ ಕಣಗಳು. ಗಿಡ್ಡ ಚಿಮಣಿಯಾದರೆ ಇದೆಲ್ಲ ದೂರ ಹೋಗದೆ ಮೊದಲು ಇಳಿಯುವುದು ಒಲೆ ಮುಂದೆ ಹನ್ನೆರಡು ಗಂಟೆ ಕೂತವರ ಎದೆಯೊಳಗೆ, ಆಮೇಲೆ ತೆರೆದ ಕೊಪ್ಪರಿಗೆಯ ಪಾಕದ ಮೇಲೆ. ತಿನ್ನುವ ಪದಾರ್ಥದ ಮೇಲೆ ರಬ್ಬರಿನ ಮಸಿ ಬೀಳುವುದನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ಒಲೆಗೂ ಇದು ಒಳ್ಳೆಯದಲ್ಲ. ಟೈರಿನ ಮಸಿ ಕೊಪ್ಪರಿಗೆಯ ತಳಕ್ಕೆ ಕಂಬಳಿಯಂತೆ ಅಂಟುತ್ತದೆ. ಮರುದಿನ ಒಳ್ಳೆ ಸಿಪ್ಪೆ ಉರಿಸಿದರೂ ಶಾಖ ತಳ ದಾಟುವುದು ನಿಧಾನವಾಗುತ್ತದೆ. ಅಂದರೆ ಇವತ್ತಿನ ಟೈರು ನಾಳೆಯ ಸಿಪ್ಪೆಯ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಉಳಿದ ತಂತಿ ಬೂದಿಯಲ್ಲಿ ಹೆಣೆದುಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಸಿಪ್ಪೆಯ ಶುದ್ಧ ಬೂದಿಯನ್ನು ಗದ್ದೆಗೆ ಹಾಕಬಹುದು, ಅದರಲ್ಲಿ ಪೊಟ್ಯಾಶ್ ಇದೆ. ಟೈರು ಬೆರೆತ ಬೂದಿಯನ್ನು ಹಾಕುವಂತಿಲ್ಲ. ಕಾನೂನಿನ ಕಡೆಯಿಂದ 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆ ಇದೆ, ಹಳೆ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ 2022ರ ನಿಯಮವೂ ಇದೆ. ಆದರೆ ಬಾಗಿಲಿಗೆ ಬೀಗ ಬೀಳುತ್ತದೆಂಬ ಹೆದರಿಕೆಯಿಂದ ಟೈರು ಬಿಟ್ಟ ಆಲೆಮನೆಯಲ್ಲಿ ಸಿಪ್ಪೆ ಮತ್ತೆ ಸಾಲದಾದಾಗ ಅದು ತಿರುಗಿ ಬರುತ್ತದೆ. ಮೊದಲು ಒಲೆ ಸರಿಯಾಗಬೇಕು.

ಮೊದಲ ಕೆಲಸ ತಕ್ಕಡಿ

ಒಂದು ದಿನ ಪೂರ್ತಿ ಒಲೆಗೆ ಹೋಗುವ ಸಿಪ್ಪೆಯನ್ನು ತೂಗಿ ಹಾಕಿ, ಸಂಜೆ ಇಳಿದ ಬೆಲ್ಲ ತೂಗಿ, ಭಾಗಿಸಿ. ಸಿಪ್ಪೆಯ ತೇವ ನೋಡಲು ಒಂದು ಕೆಜಿ ತೆಗೆದು, ಹೊತ್ತದಂತೆ ಬಿಸಿ ತಗಡಿನ ಮೇಲೆ ತೂಕ ಇಳಿಯುವುದು ನಿಲ್ಲುವತನಕ ಒಣಗಿಸಿ. 300 ಗ್ರಾಂ ಇಳಿದರೆ ತೇವ ನೂರಕ್ಕೆ 30. ಮುರಿದರೆ ಚಟ್ ಎನ್ನಬೇಕು. ತಿರುಚಿದರೆ ಬಾಗುವ ಸಿಪ್ಪೆ ಇನ್ನೂ ಹಸಿ. ಚಿಮಣಿಯ ಬುಡದಲ್ಲಿ 600 ಡಿಗ್ರಿವರೆಗೆ ತೋರಿಸುವ ಮುಳ್ಳಿನ ಥರ್ಮಾಮೀಟರ್ ಕೂರಿಸಿ. ಈ ಮೂರು ಅಂಕಿ ಇಲ್ಲದೆ ಒಲೆ ಒಡೆದು ಕಟ್ಟಿದವರು, ಕಟ್ಟಿದ ಮೇಲೆ ಏನು ಬದಲಾಯಿತೆಂದು ಹೇಳಲಾರರು.

ಆ ಥರ್ಮಾಮೀಟರ್ 500 ಡಿಗ್ರಿ ತೋರಿಸುತ್ತಿದ್ದು, ಒಲೆಗೆ ಬೇಕಾದದ್ದರ ಎರಡರಷ್ಟು ಗಾಳಿ ಹೋಗುತ್ತಿದ್ದರೆ ಸಿಪ್ಪೆಯ ಶಾಖದಲ್ಲಿ ನೂರಕ್ಕೆ 39 ಪಾಲು ಹೊಗೆಯ ಜೊತೆಗೇ ಆಕಾಶಕ್ಕೆ. ಗಾಳಿಯನ್ನು ಒಂದೂವರೆ ಪಾಲಿನ ಹತ್ತಿರ ಹಿಡಿದು, ಹೊಗೆಯನ್ನು 300 ಡಿಗ್ರಿಗೆ ಇಳಿಸಿದರೆ ಇದೇ ನಷ್ಟ 18ರ ಆಸುಪಾಸಿಗೆ ಬರುತ್ತದೆ. ಕೊರತೆಯ 117 ಟನ್ ಅಡಗಿರುವುದು ಮುಖ್ಯವಾಗಿ ಇಲ್ಲಿ.

ಒಣಗಿಸುವುದು

ಗಾಣದಿಂದ ಬಂದ ಹಸಿ ಸಿಪ್ಪೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಟನ್ ಕಬ್ಬಿಗೆ 400 ಕೆಜಿ, ದಿನಕ್ಕೆ 4 ಟನ್. ಚದರ ಮೀಟರಿಗೆ 10 ಕೆಜಿಯಂತೆ ಹರವಿದರೆ ದಿನಕ್ಕೆ 400 ಚದರ ಮೀಟರ್, ಮೂರು ದಿನದ ಬಿಸಿಲಿಗೆ 1,200, ಅಂದರೆ ಹನ್ನೆರಡು ಗುಂಟೆ. ಇಷ್ಟು ಕಣ ಇಲ್ಲದ ಕಡೆ ದಪ್ಪವಾಗಿ ಹರವುತ್ತಾರೆ, ಮೇಲೆ ಒಣಗಿ ಅಡಿಯಲ್ಲಿ ಹಸಿ ಉಳಿಯುತ್ತದೆ. ದಿನಕ್ಕೆ ಎರಡು ಸಲ ಮಗುಚಲೇಬೇಕು. ಹಸಿ ಸಿಪ್ಪೆಯನ್ನು ಎಂದೂ ಬಣವೆ ಹಾಕಬಾರದು. ಉಳಿದ ಸಿಹಿ ಹುಳಿತು ಒಳಗೆ ತಾನೇ ಕಾಯುತ್ತದೆ, ಇಂಧನದ ಸತ್ವ ಇಳಿಯುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ.

30 ಪಾಲು ತೇವದ ಸಿಪ್ಪೆ ಉರಿಸಿದರೆ ಕಾಗದದ ಲೆಕ್ಕದಲ್ಲಿ ಆಗುವ ನಷ್ಟ ಬರೀ ನೂರಕ್ಕೆ ನಾಲ್ಕು. ಈ ಅಂಕಿ ನೋಡಿ ಮೋಸ ಹೋಗಬಾರದು. ತೇವದಿಂದ ಉರಿಯ ಕಾವು ಇಳಿಯುತ್ತದೆ, ಸಿಪ್ಪೆಯಿಂದ ಎದ್ದ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ, ಕೊಪ್ಪರಿಗೆ ಕುದಿಯಲು ತಡವಾಗುತ್ತದೆ. ತಡವಾದದ್ದಕ್ಕೆ ಬೆಲೆ ತೆರುವುದು ಬೆಲ್ಲದ ಬಣ್ಣ. ಆ ವಿಷಯ ಮುಂದೆ ಬರುತ್ತದೆ.

ಮಳೆಗಾಲಕ್ಕೆ ಹತ್ತು ದಿನದ ದಾಸ್ತಾನು ಬೇಕು, 20 ಟನ್ ಒಣ ಸಿಪ್ಪೆ. ಎಂಟು ಮೀಟರ್ ಉದ್ದ, ಎಂಟು ಅಗಲ, ನಾಲ್ಕು ಎತ್ತರದ ಶೆಡ್ಡಿನಲ್ಲಿ ಅದು ಹಿಡಿಯುತ್ತದೆ. ಒಲೆಯಿಂದ ಕನಿಷ್ಠ 15 ಮೀಟರ್ ದೂರ, ಗಾಳಿ ಬೀಸಿ ಬರುವ ಕಡೆಗೆ, ಚಿಮಣಿಯ ಕಿಡಿ ತಾಗದ ಕಡೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಬದಲಾವಣೆಯಲ್ಲಿ ಮೊದಲು ಕಟ್ಟಬೇಕಾದದ್ದು ಈ ಶೆಡ್ಡೇ. ಟೈರು ಬರುವುದು ಮಳೆಯ ಜೊತೆಗೆ.

ಒಲೆ, ಚಿಮಣಿ, ಎರಡನೇ ಕೊಪ್ಪರಿಗೆ

ಗುಂಡಿ ಒಲೆಯಲ್ಲಿ ಸಿಪ್ಪೆ ತನ್ನದೇ ಬೂದಿಯ ಮೇಲೆ ಕೂತು ಉರಿಯುತ್ತದೆ. ಗಾಳಿ ಅಡಿಯಿಂದ ಬರದೆ ಬಾಯಿಯಿಂದ ನುಗ್ಗಿ, ಉರಿಯನ್ನು ಮುಟ್ಟದೆಯೇ ಕೊಪ್ಪರಿಗೆಯನ್ನು ತಣ್ಣಗೆ ಸವರಿ ಚಿಮಣಿಗೆ ಹೋಗುತ್ತದೆ. ಎರಕದ ಕಬ್ಬಿಣದ ಸರಳುಗಳ ಜಾಲರಿ ಕೂರಿಸಿ, ಸರಳುಗಳ ನಡುವೆ 10ರಿಂದ 12 ಮಿಲಿಮೀಟರ್ ಸಂದು ಬಿಡಿ. ಈ ಗಾತ್ರದ ಘಟಕಕ್ಕೆ ಒಂದು ಚದರ ಮೀಟರ್ ಜಾಲರಿ ಸಾಕು. ಅಡಿಯಲ್ಲಿ ಎರಡಡಿ ಆಳದ ಬೂದಿ ಗುಂಡಿ, ಅದಕ್ಕೆ ಮುಚ್ಚಿ ತೆರೆಯುವ ಬಾಗಿಲು. ಜಾಲರಿಯಿಂದ ಕೊಪ್ಪರಿಗೆಯ ತಳಕ್ಕೆ ಎರಡೂವರೆ ಅಡಿಯಿಂದ ಆರಂಭಿಸಬಹುದು. ತೀರ ಹತ್ತಿರವಾದರೆ ಜ್ವಾಲೆ ತಣ್ಣನೆ ತಳಕ್ಕೆ ಬಡಿದು ಅರ್ಧಕ್ಕೇ ಆರುತ್ತದೆ, ಮಸಿ ಕಟ್ಟುತ್ತದೆ. ಒಳಮೈಗೆ ಬೆಂಕಿ ಇಟ್ಟಿಗೆ, ಬೆಂಕಿ ಮಣ್ಣು. ಸಾಮಾನ್ಯ ಇಟ್ಟಿಗೆ, ಸಿಮೆಂಟು ಹಾಕಿದರೆ ಬಿರುಕು ಬಿಟ್ಟು, ಬಿರುಕಿನಿಂದ ಕಳ್ಳಗಾಳಿ ಒಳಗೆ ಬರುತ್ತದೆ.

ಒಂದು ಕೊಪ್ಪರಿಗೆಗೆ 187 ಕೆಜಿ ಬೆಲ್ಲ, 355 ಕೆಜಿ ಸಿಪ್ಪೆ, ಎರಡೂವರೆ ಗಂಟೆ. ಭಾಗಿಸಿದರೆ ನಿಮಿಷಕ್ಕೆ 2.4 ಕೆಜಿ. ಉರಿ ಹಾಕುವವರು ಕಲಿಯಬೇಕಾದದ್ದು ಇಷ್ಟೇ: ಆರು ನಿಮಿಷಕ್ಕೊಮ್ಮೆ ತೋಳ್ತುಂಬ ನೂಕುವ ಬದಲು ನಿಮಿಷ ನಿಮಿಷಕ್ಕೂ ಸ್ವಲ್ಪ ಸ್ವಲ್ಪ ಹರವುವುದು. ಒಮ್ಮೆಲೇ ಹದಿನೈದು ಕೆಜಿ ಬಿದ್ದರೆ ಎರಡು ನಿಮಿಷ ಕರಿ ಹೊಗೆ, ಎರಡು ನಿಮಿಷ ಭೋರ್ಗರೆಯುವ ಉರಿ, ಆಮೇಲೆ ಬರೀ ಗಾಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಒಬ್ಬರು ಅಲ್ಲೇ ಇರಬೇಕು, ಅವರ ಕೂಲಿಯನ್ನು ಲೆಕ್ಕದಲ್ಲಿ ಬಿಡಬಾರದು.

ಚಿಮಣಿ 10 ಮೀಟರ್ ಇದ್ದು ಹೊಗೆ 300 ಡಿಗ್ರಿ ಇದ್ದರೆ ಸುಮಾರು 5 ಮಿಲಿಮೀಟರ್ ನೀರಿನ ಒತ್ತಡದಷ್ಟು ಸೆಳೆತ ಸಿಗುತ್ತದೆ, ಜಾಲರಿ ಒಲೆಗೆ ಅಷ್ಟು ಸಾಕು. ಸೆಳೆತ ಹಿಡಿದಿಡಲು ಬುಡದಲ್ಲಿ ಜಾರುವ ತಗಡು ಬೇಕು. ತಗಡನ್ನು ಹೊಗೆ ನೋಡಿಯೇ ಹೊಂದಿಸಬೇಕು: ಕಪ್ಪಗೆ ಬಂದರೆ ಗಾಳಿ ಸಾಲದು, ಏನೂ ಕಾಣದೆ ಮುಳ್ಳು ಏರುತ್ತಿದ್ದರೆ ಗಾಳಿ ಹೆಚ್ಚಾಯಿತು.

ಒಲೆಗೂ ಚಿಮಣಿಗೂ ನಡುವಿನ ಹೊಗೆ ಕಾಲುವೆಯ ಮೇಲೆ ಅದೇ ಅಳತೆಯ ಇನ್ನೊಂದು ಕೊಪ್ಪರಿಗೆ, ಮೊದಲನೆಯದಕ್ಕಿಂತ ಎತ್ತರದಲ್ಲಿ. ಒಂದು ಬೇಯುವಾಗ ಮುಂದಿನ ಹಾಲು ಹೊಗೆಯ ಕಾವಿಗೇ 75 ಡಿಗ್ರಿ ಮುಟ್ಟುತ್ತದೆ. ಟನ್ ಕಬ್ಬಿಗೆ 107 ಮೆಗಾಜೂಲ್, ಒಟ್ಟು ಬೇಡಿಕೆಯಲ್ಲಿ ನೂರಕ್ಕೆ ಎಂಟೂವರೆ ಪಾಲು ಪುಕ್ಕಟೆ. ಕೆಡುವುದೂ ಇಲ್ಲೇ. ಹಾಲು ಬೆಚ್ಚಗಾಗಿ 30, 40 ಡಿಗ್ರಿಯಲ್ಲಿ ನಿಂತರೆ ಹುಳಿಯುತ್ತದೆ, ಅದಕ್ಕೆ ಬೇಗ 60 ದಾಟಬೇಕು. ಹಾಲಿನ ಆಮ್ಲತೆ ಉಳಿದಿರುವಾಗ ಬಿಸಿ ಮಾಡಿದರೆ ಸಕ್ಕರೆ ಒಡೆದು ಬೆಲ್ಲ ಅಚ್ಚು ಹಿಡಿಯುವುದಿಲ್ಲ. ಆದ್ದರಿಂದ ಸುಣ್ಣದ ತಿಳಿಯನ್ನು ಈ ಕೊಪ್ಪರಿಗೆಯಲ್ಲೇ ಹಾಕಬೇಕು. ಮೇಲಿನ ಹಾಲು ಇಳಿಸಿದ ಮೇಲೆ ಅದು ಖಾಲಿ ನಿಂತು ಕಾಯಬಾರದು. ಹೊಸ ಹಾಲು ಇಲ್ಲದಿದ್ದರೆ ನೀರು ತುಂಬಿ, ಗಾಣ ತೊಳೆಯಲು ಆ ಬಿಸಿನೀರೇ ಆಗುತ್ತದೆ.

ಬಣ್ಣ

ಟೈರು ಮತ್ತು ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡಲು ಹಾಕುವ ಸೋಡಿಯಂ ಹೈಡ್ರೋಸಲ್ಫೈಟ್) ಎರಡೂ ಬೇರೆ ಬೇರೆ ಪಿಡುಗು ಎಂದು ಮಾತಾಡುವುದುಂಟು. ನೋಡಿದರೆ ಎರಡೂ ಒಂದೇ ಮಂದ ಉರಿಯ ಮಕ್ಕಳು. ಕೊಪ್ಪರಿಗೆ ಎರಡೂವರೆ ಗಂಟೆಯ ಬದಲು ನಾಲ್ಕು ಗಂಟೆ ಬೆಂದರೆ ಸಕ್ಕರೆ ಕಂದುತ್ತದೆ, ಬೆಲ್ಲ ಕಪ್ಪಾಗುತ್ತದೆ. ಕೃಷಿ ಮಾರುಕಟ್ಟೆಯ ಹರಾಜಿನಲ್ಲಿ ಹೊಂಬಣ್ಣಕ್ಕೆ ಬೆಲೆ. ಹಾಗಾಗಿ ಸೋಡಿಯಂ ಹೈಡ್ರೋಸಲ್ಫೈಟ್ ಬೀಳುತ್ತದೆ. ಅದು ಬಣ್ಣವನ್ನು ತಾತ್ಕಾಲಿಕವಾಗಿ ಬಿಳಿಚಿಸುತ್ತದೆ ಅಷ್ಟೆ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಉಳಿಯುತ್ತದೆ, ಪರೀಕ್ಷೆಗೆ ಹೋದ ಸರಕು ಮಿತಿ ಮೀರಿದರೆ ವಾಪಸ್ ಬರುತ್ತದೆ.

ಬೇಗ ಬೆಂದ ಪಾಕಕ್ಕೆ ಇದರ ಹಂಗಿಲ್ಲ. ಕಡಿದ 24 ಗಂಟೆಯೊಳಗೆ ಕಬ್ಬು ಗಾಣಕ್ಕೆ ಬರಲಿ. ಸುಣ್ಣದ ತಿಳಿಯಿಂದ ಹಾಲಿನ ಪಿಎಚ್ 5.3ರಿಂದ 6.2ರವರೆಗೆ ಏರಲಿ, ಕಾಗದದ ಪಟ್ಟಿಯಿಂದ ನೋಡಿ. ಸುಣ್ಣ ಹೆಚ್ಚಾದರೆ ಅದೇ ಕಪ್ಪು ಮಾಡುತ್ತದೆ. 1,000 ಲೀಟರಿಗೆ ಎರಡು ಕೆಜಿ ಜಜ್ಜಿದ ಬೆಂಡೆಯಿಂದ ಆರಂಭಿಸಿ, ನೀರಲ್ಲಿ ಕಿವುಚಿ ಬಂದ ಲೋಳೆಯನ್ನು ಕುದಿ ಬರುವ ಮುಂಚೆ ಹಾಕಬೇಕು. ಮಡ್ಡಿ ಹೊದಿಕೆಯಂತೆ ಮೇಲೆ ಬರುತ್ತದೆ. ಕುದಿ ಎದ್ದ ಮೇಲೆ ತೆಗೆಯಲು ಹೋದರೆ ಅದು ಒಡೆದು ಹಾಲಿನಲ್ಲೇ ಬೆರೆತುಹೋಗುತ್ತದೆ. ಅಚ್ಚು ಬೆಲ್ಲಕ್ಕೆ 118 ಡಿಗ್ರಿಯಲ್ಲಿ ಪಾಕ ಇಳಿಸಬೇಕು.

ಇಷ್ಟಾದರೂ ಹೈಡ್ರೋಸ್ ಹಾಕಿದಷ್ಟು ಬೆಳ್ಳಗಿನ ಬೆಲ್ಲ ಬರುವುದಿಲ್ಲ. ತಿಳಿ ಕಂದು ಬರುತ್ತದೆ. ಹರಾಜಿನಲ್ಲಿ ಇದಕ್ಕೆ ಮೊದಮೊದಲು ಬೆಲೆ ಕಡಿಮೆ ಕೂಗಬಹುದು, ಇದನ್ನು ಮುಚ್ಚಿಟ್ಟು ಬದಲಾವಣೆಗೆ ಹುರಿದುಂಬಿಸುವುದು ಸರಿಯಲ್ಲ. ಮೊದಲ ವರ್ಷ ಒಂದು ಪಾಲನ್ನಷ್ಟೇ ಹೀಗೆ ಮಾಡಿ, ಮೈಸೂರು ಬೆಂಗಳೂರಿನ ಅಂಗಡಿಗಳಿಗೆ ನೇರ ಕೊಡುವ ದಾರಿ ಹುಡುಕುವುದು ಜಾಣತನ. 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂಬ ಸರ್ಕಾರಿ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಸಾಲದ ಜೊತೆ ಯೋಜನಾ ವೆಚ್ಚದ ನೂರಕ್ಕೆ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು; ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿ ನೋಡಿ.

ತೊಳೆದ ನೀರು

ಇದನ್ನು ಯಾರೂ ಮಾಲಿನ್ಯ ಅನ್ನುವುದಿಲ್ಲ, ಸಿಹಿ ನೀರು ತಾನೆ. ಆದರೆ ಒಂದು ಕೆಜಿ ಸಕ್ಕರೆ ನೀರಿನಲ್ಲಿ ಕೊಳೆಯಲು 1.1 ಕೆಜಿ ಆಮ್ಲಜನಕ ಬೇಕು. ನಾಲೆಯ ನೀರಿನಲ್ಲಿ ಲೀಟರಿಗೆ ಏಳೆಂಟು ಮಿಲಿಗ್ರಾಂ ಇರುತ್ತದೆ. ಅಂದರೆ ಒಂದೂವರೆ ಲಕ್ಷ ಲೀಟರ್ ನೀರಿನ ಉಸಿರನ್ನು ಒಂದು ಕೆಜಿ ಸಕ್ಕರೆ ಹೀರುತ್ತದೆ. ಕೊಪ್ಪರಿಗೆಯ ಅಂಚನ್ನು ತೊಳೆಯುವ ಮೊದಲೇ ಕೆರೆದು ತೆಗೆಯಿರಿ, ಕಡಿಮೆ ನೀರಿನಲ್ಲಿ ತೊಳೆಯಿರಿ, ಆ ನೀರನ್ನು ದಿನದ 150 ಕೆಜಿ ಮಡ್ಡಿಯ ಜೊತೆ ಪುಡಿ ಸಿಪ್ಪೆಯ ಗೊಬ್ಬರದ ಗುಂಡಿಗೆ ಬಿಡಿ. ನಾಲೆಗೆ, ಕೆರೆಗೆ ಬಿಡಬೇಡಿ.

ಕೆಲಸದ ಹೊತ್ತು

ಕಣ ಮತ್ತು ಶೆಡ್ಡು ಬೇಸಿಗೆಯಲ್ಲಿ, ಒಲೆ ಮತ್ತು ಎರಡನೇ ಕೊಪ್ಪರಿಗೆ ಗಾಣ ನಿಂತ ಎರಡು ಮೂರು ವಾರದಲ್ಲಿ ಆಗಬೇಕು. ಮೂಲೆಯಲ್ಲಿ ಉಳಿದ ಟೈರುಗಳನ್ನು ಅಧಿಕೃತ ಮರುಬಳಕೆದಾರರಿಗೆ ಕೊಟ್ಟು ಜಾಗ ಖಾಲಿ ಮಾಡಿ; ಕೈಗೆಟುಕುವಲ್ಲಿ ಇದ್ದರೆ ಮಳೆಯ ರಾತ್ರಿ ಅದು ಒಲೆಗೇ ಹೋಗುತ್ತದೆ. ಹೊಸ ಬೆಂಕಿ ಇಟ್ಟಿಗೆಗೆ ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ಮಣ್ಣಿನ ತೇವ ಆವಿಯಾಗಿ ಸಂದುಗಳನ್ನು ಸೀಳುತ್ತದೆ. ಮೂರು ದಿನ ನೆರಳಲ್ಲಿ ಆರಲು ಬಿಟ್ಟು, ಆಮೇಲೆ ಎರಡು ದಿನ ಕೊಪ್ಪರಿಗೆಯಲ್ಲಿ ನೀರು ತುಂಬಿಟ್ಟು ಸಣ್ಣ ಉರಿ ಹಾಕಿ. ಅದರ ಮರುದಿನ ಹಾಲು ಬಿಡಬಹುದು. ಆ ದಿನದ ಸಿಪ್ಪೆಯನ್ನೂ ಬೆಲ್ಲವನ್ನೂ ಮತ್ತೆ ತೂಗಿ, ಗೋಡೆಯ 1.9ರ ಪಕ್ಕದಲ್ಲಿ ಬರೆಯಿರಿ.